ಕರ್ನಾಟಕದ ಕಾಲೇಜು ವಿದ್ಯಾರ್ಥಿಗೆ ಸ್ಕಾಲರ್‌ಶಿಪ್: ಹುಡುಕುವ ದಾರಿ, ಕೈಸೇರುವ ದಾರಿ

ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳ ದಾಖಲಾತಿ ಶುರುವಾಗುತ್ತಿದ್ದಂತೆ ಮನೆಮನೆಯ ಮೊಬೈಲಿಗೂ ಒಂದೇ ಬಗೆಯ ಸಂದೇಶಗಳು ಬಂದು ಬೀಳುತ್ತವೆ. ‘ಎಲ್ಲ ವಿದ್ಯಾರ್ಥಿಗಳಿಗೂ 50 ಸಾವಿರ, ಇಂದೇ ಕೊನೆಯ ದಿನ, ಹತ್ತು ಜನರಿಗೆ ಕಳುಹಿಸಿ.’ ಅದರ ಬೆನ್ನು ಹತ್ತಿ ಎರಡು ದಿನ ಕಳೆದವರು, ತಮಗೆ ನಿಜವಾಗಿ ಸಲ್ಲಬೇಕಾದ ಹಣಕ್ಕೆ ಅರ್ಜಿಯನ್ನೇ ಹಾಕಿರುವುದಿಲ್ಲ.

ಪದವಿ ಕಾಲೇಜೊಂದರಲ್ಲಿ ಪಾಠ ಹೇಳುವುದರ ಜೊತೆಗೆ ಕೆಲವು ವರ್ಷ ವಿದ್ಯಾರ್ಥಿವೇತನದ ಕಡತವನ್ನೂ ಹೊತ್ತವಳು ನಾನು. ಯೋಜನೆಯೇ ಸಿಗಲಿಲ್ಲ ಎಂದು ಹಣ ಕಳೆದುಕೊಂಡವರನ್ನು ಕಂಡದ್ದು ಕಡಿಮೆ. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು, ಯಾವಾಗಲೋ ತೆರೆದು ಮರೆತ ಬ್ಯಾಂಕ್ ಖಾತೆ, ಅವಧಿ ಮುಗಿದ ಆದಾಯ ಪ್ರಮಾಣಪತ್ರ ಇವುಗಳಿಂದ ಕಳೆದುಕೊಂಡವರೇ ಹೆಚ್ಚು. ಆದ್ದರಿಂದ ಯೋಜನೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಶುರು ಮಾಡಬೇಡಿ. ಮೊದಲು ನಿಮ್ಮ ಮನೆಯನ್ನು, ನಿಮ್ಮ ಕಾಗದಪತ್ರಗಳನ್ನು ಮುಂದಿಟ್ಟುಕೊಳ್ಳಿ.

ಹೆಜ್ಜೆ 1: ಒಂದು ಹಾಳೆಯಲ್ಲಿ ನಿಮ್ಮ ಮನೆಯನ್ನು ಬರೆಯಿರಿ

ಜಾತಿ ಮತ್ತು ಪ್ರವರ್ಗ, ಕುಟುಂಬದ ವಾರ್ಷಿಕ ಆದಾಯ, ಪಿಯುಸಿ ಅಂಕ, ಸೇರಿದ ಕೋರ್ಸು, ವಾಸ ಮನೆಯಲ್ಲೋ ಹಾಸ್ಟೆಲಿನಲ್ಲೋ, ಅಂಗವೈಕಲ್ಯವಿದ್ದರೆ ಅದರ ಪ್ರಮಾಣ, ಓದಿದ್ದು ಸರ್ಕಾರಿ ಶಾಲೆಯಲ್ಲೋ ಖಾಸಗಿಯಲ್ಲೋ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಅಪ್ಪ-ಅಮ್ಮನ ಕೆಲಸ. ‘ಕೂಲಿ’ ಎಂದು ಒಂದೇ ಪದ ಗೀಚಿ ಮುಂದೆ ಹೋಗುತ್ತಾರೆ. ಆ ಒಂದು ಪದದ ಒಳಗೆ ನಾಲ್ಕು ಯೋಜನೆಗಳು ಅಡಗಿರಬಹುದು.

ಅಮ್ಮ ಬೀಡಿ ಕಟ್ಟುತ್ತಾರೆಯೇ? ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ನೆರವು ಇದೆ. ಅದಕ್ಕೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ಅಪ್ಪ ಗಾರೆ ಕೆಲಸ, ಬಾರ್ ಬೆಂಡಿಂಗ್, ಪೇಂಟಿಂಗ್ ಮಾಡುತ್ತಾರೆಯೇ? ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಮಕ್ಕಳ ಓದಿಗೆ ಶೈಕ್ಷಣಿಕ ಸಹಾಯಧನ ಸಿಗುತ್ತದೆ. ಅವರ ಕಾರ್ಡ್ ನವೀಕರಣವಾಗಿದೆಯೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ಕಾರ್ಖಾನೆಯಲ್ಲೋ ದೊಡ್ಡ ಸಂಸ್ಥೆಯಲ್ಲೋ ದುಡಿಯುವವರಾದರೆ, ವರ್ಷಕ್ಕೊಮ್ಮೆ ಸಂಬಳದಲ್ಲಿ ಒಂದು ಸಣ್ಣ ಮೊತ್ತ ಕಾರ್ಮಿಕ ಕಲ್ಯಾಣ ನಿಧಿಗೆ ಕಡಿತವಾಗುವುದನ್ನು ಗಮನಿಸಿ. ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಸಂಘಟಿತ ವಲಯದ ಕಾರ್ಮಿಕರ ಮಕ್ಕಳಿಗೆ ಕೊಡುವ ಪ್ರೋತ್ಸಾಹಧನ ಅದೇ ನಿಧಿಯದು. ಅದರ ಅರ್ಜಿಗೆ ಅಪ್ಪ ದುಡಿಯುವ ಸಂಸ್ಥೆಯ ದೃಢೀಕರಣ ಬೇಕಾಗುತ್ತದೆ, ಹಾಗಾಗಿ ಮಾತು ಮೊದಲೇ ಆಡಿಟ್ಟುಕೊಳ್ಳಬೇಕು.

ಜಮೀನಿದೆಯೇ? ರೈತರ ಮಕ್ಕಳಿಗೆಂದು 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಯೋಜನೆಯನ್ನು ಘೋಷಿಸಿದಾಗ ಬಿಎ, ಬಿಎಸ್ಸಿ, ಬಿಕಾಂನಂಥ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿತ್ತು; ಎಂಬಿಬಿಎಸ್, ಬಿಇ ಮತ್ತು ಸ್ನಾತಕೋತ್ತರ ಓದಿಗೆ 10,000 ಮತ್ತು 11,000. ಮುಂದೆ ನೇಕಾರರು, ಮೀನುಗಾರರು, ಆಟೊ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ಇದೇ ಬಗೆಯ ವಿದ್ಯಾನಿಧಿ ವಿಸ್ತರಣೆಯಾಯಿತು. ರೈತರ ವಿಷಯದಲ್ಲಿ ಎಲ್ಲವೂ ನಿಂತಿರುವುದು ರೈತರನ್ನು ನೋಂದಾಯಿಸುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆಯ ಮೇಲೆ. ಉಳುವವನು ಅಪ್ಪನೇ ಆದರೂ ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಅಪ್ಪ ಕಡತದ ಕಣ್ಣಿಗೆ ರೈತನಲ್ಲ. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕೆಲಸವನ್ನು ದಾಯಾದಿಗಳ ಮೇಲಿನ ಬೇಸರಕ್ಕೆ ಮುಂದೂಡುತ್ತಾ ಬಂದ ಮನೆಗಳಲ್ಲಿ ಅದರ ಬೆಲೆಯನ್ನು ಮಕ್ಕಳು ಹೀಗೆ ತೆರುತ್ತಾರೆ. ಯೋಜನೆ ಈ ಸಾಲಿಗೆ ತೆರೆದಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಎಫ್‌ಐಡಿ ಇಲ್ಲದಿದ್ದರೆ ಅಲ್ಲೇ ಮಾಡಿಸಿಕೊಳ್ಳಿ.

ಮಾಜಿ ಸೈನಿಕರ ಮಕ್ಕಳಾದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ವೃತ್ತಿಪರ ಕೋರ್ಸುಗಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ ಇದೆ.

ಹೆಜ್ಜೆ 2: ಅರ್ಜಿಗೆ ಮುನ್ನ ಕಾಗದ ಸರಿಮಾಡಿಕೊಳ್ಳಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಮೊದಲನೆಯದು ಹೆಸರು. ನಮ್ಮಲ್ಲಿ ಇನಿಷಿಯಲ್ ಎಂಬುದು ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕಾವ್ಯಾ ಎಂ’, ಆಧಾರಿನಲ್ಲಿ ‘ಕಾವ್ಯಾ ಮಂಜುನಾಥ’, ಬ್ಯಾಂಕಿನಲ್ಲಿ ‘ಎಂ ಕಾವ್ಯ’. ಮನುಷ್ಯರಿಗೆ ಮೂವರೂ ಒಬ್ಬಳೇ, ಕಂಪ್ಯೂಟರಿಗೆ ಮೂವರು. ಅಂಕಪಟ್ಟಿಯನ್ನು ತಿದ್ದಿಸುವುದು ದೀರ್ಘ ಕೆಲಸ, ಆಧಾರನ್ನು ತಿದ್ದಿಸುವುದು ಸುಲಭ. ಆದ್ದರಿಂದ ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರಿನ ಹೆಸರನ್ನು ಸರಿಪಡಿಸಿ. ಆಧಾರಿನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಕೇಂದ್ರದಲ್ಲಿ ಟೈಪು ಮಾಡಿದ್ದನ್ನು ಒಪ್ಪುವ ಮುನ್ನ ಒಂದೊಂದು ಅಕ್ಷರವನ್ನೂ ಓದಿ ನೋಡಿ. ಅದೇ ಭೇಟಿಯಲ್ಲಿ ಆಧಾರಿಗೆ ಈಗ ಬಳಸುತ್ತಿರುವ ಮೊಬೈಲ್ ಸಂಖ್ಯೆ ಸೇರಿಸಿಬಿಡಿ. ಅಣ್ಣನ ಹಳೆಯ ನಂಬರಿಗೆ ಒಟಿಪಿ ಹೋಗುವ ಆಧಾರ್ ಇಟ್ಟುಕೊಂಡು ಯಾವ ಅರ್ಜಿಯೂ ಮುಂದೆ ಸಾಗದು.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಇವನ್ನು ಕೊಡುವುದು ನಾಡಕಚೇರಿ. ಅರ್ಜಿಯನ್ನು ಅಲ್ಲೇ ಕೊಡಬಹುದು, ಇಲ್ಲವೇ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ. ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ರಾಜ್ಯದ ತಂತ್ರಾಂಶ ಕೇಳುವುದು ಈ ಸಂಖ್ಯೆಯನ್ನೇ, ಅದನ್ನು ಹಾಕಿದರೆ ವಿವರಗಳು ತಾವಾಗಿ ಬರುತ್ತವೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಯ ಮೊದಲ ವರ್ಷಕ್ಕೆ ಬರುವಷ್ಟರಲ್ಲಿ ಸರಿಯಾಗಿ ಮುಗಿದಿರುತ್ತದೆ, ಹೆಚ್ಚಿನವರು ಎಡವುವುದೂ ಇಲ್ಲೇ. ಪ್ರಮಾಣಪತ್ರದಲ್ಲಿ ಹೆಸರು ವಿದ್ಯಾರ್ಥಿಯದೇ ಇರಲಿ, ಅಕ್ಷರ ಅಂಕಪಟ್ಟಿಯಂತೆಯೇ ಇರಲಿ.

ಮೂರನೆಯದು ಬ್ಯಾಂಕ್ ಖಾತೆ. ಸರ್ಕಾರದ ಹಣ ಇಂದು ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಹೋಗುವುದಕ್ಕಿಂತ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ‘ಸೀಡ್’ ಆಗಿದೆಯೋ ಅಲ್ಲಿಗೆ ಹೋಗುವುದೇ ಹೆಚ್ಚು. ಆಧಾರ್ ನಕಲು ಕೊಟ್ಟು ಖಾತೆಗೆ ಜೋಡಿಸುವುದು ಒಂದು ಕೆಲಸ; ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐನ ನಕ್ಷೆಯಲ್ಲಿ (ಯಾವ ಆಧಾರಿಗೆ ಯಾವ ಬ್ಯಾಂಕು ಎಂಬ ಪಟ್ಟಿಯಲ್ಲಿ) ಆ ಬ್ಯಾಂಕಿನ ಹೆಸರು ಏರುವುದು ಬೇರೆಯೇ ಕೆಲಸ. ನಕ್ಷೆಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು, ಕೊನೆಯದಾಗಿ ಸೀಡ್ ಆದದ್ದು. ನನ್ನ ವಿದ್ಯಾರ್ಥಿನಿಯೊಬ್ಬಳು ವರ್ಷವಿಡೀ ಪಾಸ್‌ಬುಕ್ ಹಿಡಿದು ಓಡಾಡಿದಳು, ಹಣ ಬಂದಿಲ್ಲ, ಬಂದಿಲ್ಲ ಎಂದು. ಕೊನೆಗೆ ನೋಡಿದರೆ ಹಣ ಬಂದು ಎಂಟು ತಿಂಗಳಾಗಿತ್ತು. ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಜ್ಜಿಯ ಊರಿನಲ್ಲಿ ತೆರೆದಿದ್ದ ಖಾತೆಯಲ್ಲಿ ಅದು ತಣ್ಣಗೆ ಕುಳಿತಿತ್ತು. ಅವಳ ಅದೃಷ್ಟ, ಆ ಖಾತೆ ಇನ್ನೂ ಜೀವಂತವಿತ್ತು.

ಮೈ ಆಧಾರ್ ತಾಣದಲ್ಲಿ ಒಟಿಪಿ ಕೊಟ್ಟರೆ ಸೀಡ್ ಆದ ಬ್ಯಾಂಕಿನ ಹೆಸರು ತೋರಿಸುತ್ತದೆ. ಅದು ನೀವು ಬಳಸುವ ಬ್ಯಾಂಕಲ್ಲದಿದ್ದರೆ, ಬಳಸುವ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ತುಂಬಿಕೊಡಿ. ‘ಲಿಂಕ್ ಆಗಿದೆ ಬಿಡಮ್ಮ’ ಎಂದು ಕೌಂಟರಿನಲ್ಲಿ ಹೇಳಿದರೆ ಅಷ್ಟಕ್ಕೇ ಬರಬೇಡಿ. ಕೆಲವು ದಿನ ಬಿಟ್ಟು ತಾಣದಲ್ಲಿ ಮತ್ತೆ ನೀವೇ ನೋಡಿ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅಪ್ರಾಪ್ತರಾಗಿದ್ದಾಗ ಪೋಷಕರೊಂದಿಗೆ ತೆರೆದ ಖಾತೆಗೆ 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಕೊಡಬೇಕು. ಪದವಿಗೆ ಸೇರುವ ವಯಸ್ಸೂ ಅದೇ ಆದ್ದರಿಂದ ಈ ತೊಡಕು ಬಹಳ ಮಕ್ಕಳಿಗೆ ಬರುತ್ತದೆ.

ಹೆಜ್ಜೆ 3: ಎಸ್‌ಎಸ್‌ಪಿ

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ. ಮೊದಲೆಲ್ಲ ಸಮಾಜ ಕಲ್ಯಾಣಕ್ಕೊಂದು, ಹಿಂದುಳಿದ ವರ್ಗಕ್ಕೊಂದು, ಅಲ್ಪಸಂಖ್ಯಾತರಿಗೊಂದು ಅರ್ಜಿ ಎಂದು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು. ಈಗ ಮೆಟ್ರಿಕ್ ನಂತರದ ಓದಿಗೆ ಒಂದೇ ಅರ್ಜಿ ಹಾಕಿದರೆ, ನಿಮ್ಮ ಪ್ರವರ್ಗ ಮತ್ತು ಆದಾಯ ನೋಡಿ ಅದು ಸೇರಬೇಕಾದ ಇಲಾಖೆಗೆ ಸೇರುತ್ತದೆ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ವಿದ್ಯಾರ್ಥಿವೇತನಕ್ಕೂ ಇದೇ ಬಾಗಿಲು. ‘ನಾವು ಸಾಮಾನ್ಯ ವರ್ಗ, ನಮಗೇನೂ ಇಲ್ಲ’ ಎಂದು ತಾಣವನ್ನೇ ತೆರೆಯದವರು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಆಧಾರಿನಿಂದ ಖಾತೆ ತೆರೆದು, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಆರ್‌ಡಿ ಸಂಖ್ಯೆಗಳು, ಕಾಲೇಜಿನ ಪ್ರವೇಶದ ವಿವರ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಶುಲ್ಕದ ರಸೀದಿ ಇಷ್ಟನ್ನು ತುಂಬಬೇಕು. ಮೂಲ ದಾಖಲೆಗಳನ್ನು ಕಾಲೇಜಿನಲ್ಲಿ ಗೊತ್ತುಪಡಿಸಿದವರಿಗೆ ತೋರಿಸಿ ಇ-ದೃಢೀಕರಣ ಮಾಡಿಸಿಕೊಳ್ಳಬೇಕಾದ ಹಂತವೂ ಇದೆ. ಮೊದಲ ವರ್ಷದವರಿಗೆ ವಿಶ್ವವಿದ್ಯಾಲಯದ ಸಂಖ್ಯೆ ತಡವಾಗಿ ಸಿಗುತ್ತದೆ, ಅದಕ್ಕೆ ಕಾಯುತ್ತಾ ಉಳಿದದ್ದನ್ನು ಬಿಟ್ಟು ಕೂರಬೇಡಿ; ಉಳಿದದ್ದೆಲ್ಲ ಸಿದ್ಧವಿದ್ದರೆ ಆ ದಿನ ಹತ್ತು ನಿಮಿಷದ ಕೆಲಸ. ಕೊನೆಯ ವಾರ ಸರ್ವರ್ ಹೇಗಿರುತ್ತದೆ ಎಂದು ಯಾವ ಸೈಬರ್ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ದಿನಾಂಕ ವಿಸ್ತರಣೆಯಾಗುವುದುಂಟು, ಅದನ್ನು ನಂಬಿ ಕೂರುವಂತಿಲ್ಲ.

‘ಹಾಸ್ಟೆಲ್’ ಅಥವಾ ‘ಮನೆ’ ಎಂಬ ಆಯ್ಕೆಯಲ್ಲಿ ಅವಸರ ಬೇಡ. ಸರ್ಕಾರಿ ಹಾಸ್ಟೆಲಿಗೆ ಬೇರೆಯದೇ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಅಲ್ಲಿ ಸೀಟು ಸಿಗದ, ಊರಿನಿಂದ ದೂರದ ಕಾಲೇಜಿಗೆ ಬಂದಿರುವ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ-ವಸತಿಯ ಖರ್ಚಿಗೆಂದು ವಿದ್ಯಾಸಿರಿ ಯೋಜನೆ ಇದೆ. ಶುರುವಾದಾಗ ಅದರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಕೊಡುತ್ತಿದ್ದರು. ಒಂದು ಕಾಲದಲ್ಲಿ ಪಟ್ಟಣಕ್ಕೆ ಓದಲು ಬಂದ ಹುಡುಗರು ವಾರಾನ್ನ ಹಚ್ಚಿಕೊಂಡು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಈಗಲೂ ಹಳ್ಳಿಯ ಹುಡುಗ ಕಾಲೇಜು ಬಿಡುವುದು ಶುಲ್ಕಕ್ಕಿಂತ ರೂಮ್ ಬಾಡಿಗೆಗೆ ಹೆದರಿಯೇ, ಆದ್ದರಿಂದ ಮೊತ್ತ ಸಣ್ಣದೆಂದು ಇದನ್ನು ಬಿಡಬೇಡಿ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಆದಾಯ ಮಿತಿ 2.5 ಲಕ್ಷ ರೂಪಾಯಿ. ಇದಲ್ಲದೆ ಇನ್ನೊಂದಿದೆ, ಗೊತ್ತಿರುವವರು ಕಡಿಮೆ: ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದವರಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ. ದ್ವಿತೀಯ ಪಿಯುಸಿ ಮತ್ತು ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸುಗಳಿಗೆ 35,000 ರೂಪಾಯಿ. ಇದಕ್ಕೆ ಎಸ್‌ಎಸ್‌ಪಿ ಅರ್ಜಿ ಸಾಲದು, ಇಲಾಖೆಗೆ ಪ್ರತ್ಯೇಕವಾಗಿ ಹಾಕಬೇಕು. ಈ ವರ್ಷ ಪಿಯುಸಿ ಮುಗಿಸಿದವರಿಗೆ ಈಗಲೇ ಅರ್ಹತೆ ಇದೆ ಎಂಬುದನ್ನು ಗಮನಿಸಿ.

ಹೆಜ್ಜೆ 4: ಎನ್‌ಎಸ್‌ಪಿ

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲು ಒಂದು ಬಾರಿಯ ನೋಂದಣಿ, ಓಟಿಆರ್. ಮೊಬೈಲ್ ಆ್ಯಪಿನಲ್ಲಿ ಮುಖ ತೋರಿಸಿ ದೃಢೀಕರಿಸಿದರೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಓದು ಮುಗಿಯುವವರೆಗೂ ಅದೇ ಸಂಖ್ಯೆ, ಬರೆದಿಟ್ಟುಕೊಳ್ಳಿ.

ಇಲ್ಲಿ ಪದವಿ ವಿದ್ಯಾರ್ಥಿಗಳು ಮೊದಲು ನೋಡಬೇಕಾದ್ದು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೇಂದ್ರ ವಲಯದ ವಿದ್ಯಾರ್ಥಿವೇತನ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸಬರು, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೊದಲ ಮೂರು ವರ್ಷ ತಲಾ 12,000, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000 ರೂಪಾಯಿ. ಆದಾಯ ಮಿತಿ 4.5 ಲಕ್ಷ. ಜಾತಿಯ ಷರತ್ತಿಲ್ಲ. ಆದರೆ ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್ ಮೇಲಿರಬೇಕು ಎಂಬ ಮಾತನ್ನು ಬಹಳ ಮಂದಿ ಶೇಕಡಾ 80 ಎಂದು ಓದಿ ಹಿಂದೆ ಸರಿಯುತ್ತಾರೆ. ಎರಡೂ ಒಂದಲ್ಲ. ನಿಮ್ಮ ಜೊತೆ ಅದೇ ವಿಭಾಗದಲ್ಲಿ ಪರೀಕ್ಷೆ ಬರೆದ ನೂರು ಜನರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನೀವು ಮೊದಲ ಇಪ್ಪತ್ತರೊಳಗೆ ಇರಬೇಕು, ಅಷ್ಟೇ. ಆ ಗೆರೆ ಕಲೆಯಲ್ಲಿ ಒಂದು ಅಂಕಕ್ಕೆ, ವಿಜ್ಞಾನದಲ್ಲಿ ಇನ್ನೊಂದು ಅಂಕಕ್ಕೆ ಬೀಳುತ್ತದೆ. ವಿಜ್ಞಾನ, ವಾಣಿಜ್ಯ, ಕಲೆಗೆ ಹಂಚಿಕೆ 3:2:1ರ ಪ್ರಮಾಣದಲ್ಲಿ. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಇದು ಸಲ್ಲದು, ಆದ್ದರಿಂದ ಎಸ್‌ಎಸ್‌ಪಿಯಲ್ಲಿ ನಿಮಗೆ ಬರುವುದೆಷ್ಟು, ಇದರಲ್ಲಿ ಬರುವುದೆಷ್ಟು ಎಂದು ಲೆಕ್ಕ ಹಾಕಿ ಒಂದನ್ನು ಆರಿಸಿ.

ತಾಂತ್ರಿಕ ಕೋರ್ಸಿಗೆ ಸೇರಿದ ಹೆಣ್ಣುಮಕ್ಕಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನವನ್ನು ಬಿಡಬಾರದು. ಡಿಪ್ಲೊಮಾ, ಪದವಿ ಎರಡಕ್ಕೂ ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಮೊದಲ ವರ್ಷದಲ್ಲೇ, ನೇರ ಎರಡನೇ ವರ್ಷಕ್ಕೆ ಸೇರುವ ಲ್ಯಾಟರಲ್ ಪ್ರವೇಶದವರಾದರೆ ಎರಡನೇ ವರ್ಷದಲ್ಲೇ ಅರ್ಜಿ ಹಾಕಬೇಕು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಅದೇ ಸಂಸ್ಥೆಯ ‘ಸಕ್ಷಮ್’. ಮೂಲವಿಜ್ಞಾನದ ಬಿಎಸ್ಸಿಗೆ ಸೇರಿ, ಪಿಯುಸಿಯಲ್ಲಿ ಮಂಡಳಿಯ ಅಗ್ರ ಶೇಕಡಾ 1ರೊಳಗೆ ಇರುವವರಿಗೆ ‘ಇನ್‌ಸ್ಪೈರ್’ ಇದೆ, ವರ್ಷಕ್ಕೆ ಒಟ್ಟು 80,000. ಅದರ ಅರ್ಜಿ ಎನ್‌ಎಸ್‌ಪಿಯಲ್ಲಲ್ಲ, ಅದರದೇ ತಾಣದಲ್ಲಿ.

ಎನ್‌ಎಸ್‌ಪಿಯಲ್ಲಿ ಅರ್ಜಿ ಸಲ್ಲಿಸಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಮೊದಲು ಕಾಲೇಜಿನ ನೋಡಲ್ ಅಧಿಕಾರಿ, ಆಮೇಲೆ ಮೇಲಿನ ಹಂತದವರು ಪರಿಶೀಲಿಸಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಹುಟ್ಟಿತೇನೋ ಎನಿಸುತ್ತದೆ. ಪೂಜಾರಿಯ ಕುರ್ಚಿಯಲ್ಲಿ ಕುಳಿತಿದ್ದವಳಾಗಿ ಒಂದು ಮಾತು: ನೋಡಲ್ ಅಧಿಕಾರಿ ಎಂದರೆ ಪಾಠ, ಪರೀಕ್ಷೆ, ಮೌಲ್ಯಮಾಪನದ ನಡುವೆ ಈ ಕೆಲಸ ಮಾಡುವ ಒಬ್ಬ ಉಪನ್ಯಾಸಕ. ಅರ್ಜಿಯ ಪ್ರತಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿಗಳನ್ನು ಪಿನ್ ಮಾಡಿ ಕೈಗಿತ್ತರೆ ನಿಮ್ಮದು ಅಂದೇ ಮುಗಿಯುತ್ತದೆ. ಅರ್ಜಿ ‘ಡಿಫೆಕ್ಟಿವ್’ ಎಂದು ಮರಳಿ ಬಂದರೆ ಅದು ತಿರಸ್ಕಾರವಲ್ಲ, ತಿದ್ದಿ ಕಳುಹಿಸಿ ಎಂದರ್ಥ. ಆದರೆ ತಿದ್ದುವ ಬಾಗಿಲು ಕೆಲವೇ ದಿನ ತೆರೆದಿರುತ್ತದೆ, ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ನೋಡಿ.

ಹೆಜ್ಜೆ 5: ಖಾಸಗಿ ಟ್ರಸ್ಟುಗಳು

ಅಜೀಂ ಪ್ರೇಮ್‌ಜಿ ಫೌಂಡೇಶನ್, ಹತ್ತನೇ ಮತ್ತು ಹನ್ನೆರಡನೇ ತರಗತಿಗಳನ್ನು ಸರ್ಕಾರಿ ಸಂಸ್ಥೆಗಳಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಇನ್ಫೊಸಿಸ್ ಫೌಂಡೇಶನ್ 2023ರಲ್ಲಿ ಆರಂಭಿಸಿದ ‘ಸ್ಟೆಮ್ ಸ್ಟಾರ್ಸ್’ ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 1 ಲಕ್ಷದವರೆಗೆ, ನಾಲ್ಕು ವರ್ಷದವರೆಗೆ. ಮನೆಯಲ್ಲಿ ಈಗಷ್ಟೇ ಎಸ್‌ಎಸ್‌ಎಲ್‌ಸಿ ಮುಗಿಸಿದ ತಂಗಿ ತಮ್ಮ ಇದ್ದರೆ ಸರೋಜಿನಿ ದಾಮೋದರನ್ ಫೌಂಡೇಶನ್ನಿನ ‘ವಿದ್ಯಾಧನ್’ ನೆನಪಿಟ್ಟುಕೊಳ್ಳಿ. ಅದು ಪಿಯುಸಿಯಲ್ಲಿ ಹಿಡಿದ ಕೈಯನ್ನು ಚೆನ್ನಾಗಿ ಓದಿದರೆ ಪದವಿಯಲ್ಲೂ ಬಿಡುವುದಿಲ್ಲ. ಅಮ್ಮ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದ ಸದಸ್ಯೆಯಾಗಿದ್ದರೆ ವೃತ್ತಿಪರ ಕೋರ್ಸಿಗೆ ‘ಸುಜ್ಞಾನನಿಧಿ’ ಶಿಷ್ಯವೇತನವನ್ನು ಅಲ್ಲಿನ ಸೇವಾ ಪ್ರತಿನಿಧಿಯಲ್ಲಿ ಕೇಳಿ.

ಇವೆಲ್ಲ ದೊಡ್ಡ ಹೆಸರುಗಳು, ಸ್ಪರ್ಧೆಯೂ ದೊಡ್ಡದು. ನನ್ನ ಅನುಭವದಲ್ಲಿ ಸುಲಭವಾಗಿ ಕೈಗೆಟಕುವುದು ಹತ್ತಿರದ ಹಣ: ಸಮುದಾಯದ ಸಂಘಗಳು, ಮಠಗಳು, ಪತ್ತಿನ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘ, ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಇಟ್ಟ ದತ್ತಿನಿಧಿ. ಇವಕ್ಕೆ ಜಾಹೀರಾತು ದಿನಪತ್ರಿಕೆಯ ಸ್ಥಳೀಯ ಪುಟದಲ್ಲಿ ಎರಡು ಸಾಲು, ಇಲ್ಲವೇ ಕಾಲೇಜಿನ ಸೂಚನಾ ಫಲಕದಲ್ಲಿ ಒಂದು ಚೀಟಿ. ನಮ್ಮಲ್ಲಿದ್ದ ಒಂದು ದತ್ತಿಗೆ ಸತತ ಎರಡು ವರ್ಷ ಒಂದೂ ಅರ್ಜಿ ಬಂದಿರಲಿಲ್ಲ.

ಅರ್ಜಿಯ ಜೊತೆ ಪ್ರಬಂಧ ಕೇಳಿದರೆ ‘ಬಡತನದಲ್ಲಿ ಬೆಂದು’ ಎಂಬ ಶೈಲಿ ಬೇಡ. ಅಪ್ಪನ ದಿನಗೂಲಿ ಎಷ್ಟು, ಬಸ್ ಪಾಸ್ ಎಷ್ಟು, ಶುಲ್ಕದಲ್ಲಿ ಎಷ್ಟು ಕಟ್ಟಿದ್ದೀರಿ, ಎಷ್ಟು ಬಾಕಿ, ಕೋರ್ಸ್ ಮುಗಿಸಿ ಏನು ಮಾಡುವಿರಿ ಎಂದು ಲೆಕ್ಕ ಬರೆಯಿರಿ. ನೂರಾರು ಪ್ರಬಂಧ ಓದುವವರಿಗೆ ಲೆಕ್ಕ ನೆನಪಿನಲ್ಲಿ ಉಳಿಯುತ್ತದೆ.

ನೋಂದಣಿ ಶುಲ್ಕ ಕಟ್ಟಿ ಎನ್ನುವ, ಒಟಿಪಿ ಹೇಳಿ ಎನ್ನುವ ಯಾವುದೂ ವಿದ್ಯಾರ್ಥಿವೇತನವಲ್ಲ. ಸರ್ಕಾರಿ ತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದರೆ ಅವರ ಮೊಬೈಲ್ ಸಂಖ್ಯೆ ಕೊಡಿಸಬೇಡಿ, ಪಾಸ್‌ವರ್ಡನ್ನು ನೀವೇ ಬರೆದುಕೊಂಡು ಬನ್ನಿ.

ಶುಲ್ಕವೇ ಕಡಿಮೆಯಾಗುವ ದಾರಿ

ಸರ್ಕಾರದ ಹಣ ಬರುವಷ್ಟರಲ್ಲಿ ಶುಲ್ಕ ಕಟ್ಟುವ ದಿನ ದಾಟಿರುತ್ತದೆ. ಆದ್ದರಿಂದ ಬಂದ ಮೇಲೆ ಕಟ್ಟುತ್ತೇನೆ ಎನ್ನುವುದಕ್ಕಿಂತ ಕಟ್ಟಬೇಕಾದ್ದನ್ನೇ ತಗ್ಗಿಸಿಕೊಳ್ಳುವುದು ಮೇಲು. ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಸೂಪರ್ ನ್ಯೂಮರರಿ ಕೋಟಾ, ಎಸ್‌ಎನ್‌ಕ್ಯೂ, ಇದೆ: ಮಂಜೂರಾದ ಸೀಟುಗಳ ಮೇಲೆ ಶೇಕಡಾ 5ರಷ್ಟು ಹೆಚ್ಚುವರಿ ಸೀಟು, ಆದಾಯ 8 ಲಕ್ಷದೊಳಗಿನವರಿಗೆ ರ್‍ಯಾಂಕ್ ಆಧಾರದಲ್ಲಿ. ಬೋಧನಾ ಶುಲ್ಕ ಮನ್ನಾ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಇದನ್ನು ಸಿಇಟಿ ಅರ್ಜಿಯಲ್ಲೇ ಕೋರಬೇಕು. ಸೀಟು ಸಿಕ್ಕ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಸಾಲವೇ ಗತಿಯಾದರೆ ಬ್ಯಾಂಕಿಗೆ ಹೋಗುವ ಮುನ್ನ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲವನ್ನು ವಿಚಾರಿಸಿ, ಬಡ್ಡಿ ಬಹಳ ಕಡಿಮೆ.

ಹೆಜ್ಜೆ 6: ಬೆನ್ನು ಬಿಡದಿರುವುದು

ಒಂದು ನೋಟ್‌ಪುಸ್ತಕದಲ್ಲಿ ಯೋಜನೆಯ ಹೆಸರು, ಅರ್ಜಿ ಸಂಖ್ಯೆ, ಸಲ್ಲಿಸಿದ ದಿನ, ಯಾರ ಬಳಿ ನಿಂತಿದೆ ಎಂದು ನಾಲ್ಕು ಗೆರೆ ಎಳೆದಿಡಿ. ಎಸ್‌ಎಸ್‌ಪಿಯಲ್ಲೂ ಎನ್‌ಎಸ್‌ಪಿಯಲ್ಲೂ ಅರ್ಜಿಯ ಸ್ಥಿತಿ ನೋಡಬಹುದು. ಕಾಲೇಜಿನಲ್ಲೇ ನಿಂತಿದ್ದರೆ ನೋಡಲ್ ಅಧಿಕಾರಿಯನ್ನು, ಇಲಾಖೆಯಲ್ಲಿ ನಿಂತಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಲ್ಯಾಣ ಅಧಿಕಾರಿಯ ಕಚೇರಿಯನ್ನು, ಹಣ ಪಾವತಿಯಾಗಿದೆ ಎಂದು ತೋರಿಸುತ್ತಿದ್ದರೆ ಬ್ಯಾಂಕನ್ನು ಕೇಳಬೇಕು. ತಪ್ಪು ಕಿಟಕಿಯಲ್ಲಿ ಸಾಲು ನಿಂತು ದಿನ ಕಳೆಯುವುದು ಇದರಿಂದ ತಪ್ಪುತ್ತದೆ. ದೂರನ್ನು ಬಾಯಿಮಾತಿನಲ್ಲಿ ಹೇಳಬೇಡಿ. ಅರ್ಜಿ ಸಂಖ್ಯೆ ಬರೆದು ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಮರುವರ್ಷ ನವೀಕರಣ. ಕೇಂದ್ರ ವಲಯದ ವಿದ್ಯಾರ್ಥಿವೇತನ ಮುಂದುವರಿಯಲು ಶೇಕಡಾ 50 ಅಂಕ, ಶೇಕಡಾ 75 ಹಾಜರಾತಿ ಬೇಕು, ಅರ್ಜಿಯನ್ನು ‘ಹೊಸತು’ ಎಂದಲ್ಲದೆ ‘ನವೀಕರಣ’ ಎಂದೇ ಹಾಕಬೇಕು. ಎಸ್‌ಎಸ್‌ಪಿಯಲ್ಲೂ ಪ್ರತಿ ವರ್ಷ ಅರ್ಜಿ ಹಾಕಲೇಬೇಕು, ತಾನಾಗಿ ಮುಂದುವರಿಯುವುದಿಲ್ಲ. ನಡುವೆ ಕಾಲೇಜು ಬದಲಿಸಿದರೆ, ಹಾಸ್ಟೆಲಿನಿಂದ ರೂಮಿಗೆ ಬಂದರೆ, ಬ್ಯಾಂಕ್ ಬದಲಿಸಿದರೆ ಅರ್ಜಿಗೆ ಮುನ್ನ ಎರಡನೇ ಹೆಜ್ಜೆಯನ್ನು ಮತ್ತೊಮ್ಮೆ ಮಾಡಿ. ಮುಖ್ಯವಾಗಿ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಎಂದು ನೋಡಿಕೊಳ್ಳಿ. ಹೊಸ ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನೀವು ಸಹಿ ಹಾಕಿದ ಹಾಳೆಗಳ ನಡುವೆ ಸೀಡಿಂಗ್ ಒಪ್ಪಿಗೆಯೂ ಒಂದು ಇದ್ದಿರಬಹುದು.